ಅಪ್‌ಡೇಟ್: ರೆಸ್ಯೂಮೆ ಒಂದೇ ಪುಟಕ್ಕಿಳಿಯಿತು, ಪೀಣ್ಯದಿಂದ ಕರೆಯೂ ಬಂತು

ಡಿಪ್ಲೊಮಾ ಮೆಕ್ಯಾನಿಕಲ್ ಓದಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳ ಮೇಲೆ ಕೆಲಸ ಮಾಡಿದ್ದರೂ ಸಂದರ್ಶನಕ್ಕೆ ಯಾರೂ ಕರೆಯುತ್ತಿಲ್ಲ, ರೆಸ್ಯೂಮೆಯಲ್ಲಿ ಏನು ಬದಲಿಸಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು.

ತಂದೆಯ ಹೆಸರು, ಧರ್ಮ, ಹವ್ಯಾಸ, ಕೊನೆಯಲ್ಲಿದ್ದ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ, ಎಲ್ಲವನ್ನೂ ತೆಗೆದೆ. (ಅಪ್ಪನಿಗೆ ಇದು ಅಷ್ಟಾಗಿ ಸರಿಬರಲಿಲ್ಲ.) ‘ಶ್ರಮಜೀವಿ, ತಂಡದಲ್ಲಿ ಹೊಂದಿಕೊಳ್ಳುವವನು’ ಎಂಬ ಸಾಲೂ ಹೋಯಿತು. ಆ ಜಾಗಕ್ಕೆ ಫ್ಯಾನುಕ್ ಕಂಟ್ರೋಲ್ (ಯಂತ್ರವನ್ನು ನಡೆಸುವ ನಿಯಂತ್ರಕ), ವಿಎಂಸಿ (ಲಂಬ ಮಿಲ್ಲಿಂಗ್ ಯಂತ್ರ) ಸೆಟ್ಟಿಂಗ್, ಯಂತ್ರಕ್ಕೆ ಆದೇಶ ಕೊಡುವ ಜಿ-ಕೋಡ್ ತಿದ್ದುವುದು, ಮೈಕ್ರೋಮೀಟರ್ ಮತ್ತು ರಂಧ್ರದ ಒಳವ್ಯಾಸ ಅಳೆಯುವ ಬೋರ್ ಗೇಜ್ ಬಳಕೆ, ನಾನು ಹಿಡಿಯುತ್ತಿದ್ದ 20 ಮೈಕ್ರಾನ್ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಬಂದವು. ಹೆಚ್ಚು ಫಲ ಕೊಟ್ಟದ್ದು ಇದೇ. ಫೋನ್ ಮಾಡಿದ ಸೂಪರ್‌ವೈಸರ್ ಮೊದಲು ವಿಚಾರಿಸಿದ್ದೇ ಬೋರ್ ಗೇಜ್ ಬಗ್ಗೆ.

ಎರಡು ಕಾಲಂಗಳ ಬಣ್ಣದ ವಿನ್ಯಾಸ ಬಿಟ್ಟು ಸರಳ ಪಿಡಿಎಫ್ ಮಾಡಿದೆ. ಅರ್ಜಿ ಸೋಸುವ ತಂತ್ರಾಂಶಗಳು ಎರಡು ಕಾಲಂಗಳ ಪುಟವನ್ನು ಅಡ್ಡಾದಿಡ್ಡಿಯಾಗಿ ಓದುವುದುಂಟು. ಫೋಟೊ ಬೇಕೇ ಬೇಕು ಎಂದವರ ಸಲಹೆಯನ್ನು ಮಾತ್ರ ಒಪ್ಪಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರದ ಮೇಲಿನ ಪರೀಕ್ಷೆ ಮುಗಿದಿದೆ, ಸಂಬಳದ ಮಾತು ಬಾಕಿ ಇದೆ. ಅವರು ಹೇಳುವ ಮೊತ್ತದಲ್ಲಿ ರಾತ್ರಿ ಪಾಳಿಯ ಭತ್ಯೆಯೂ ಸೇರಿರುತ್ತದೆಯೇ, ಅಥವಾ ಅದನ್ನು ಬೇರೆಯಾಗಿ ಕೇಳಬೇಕೇ? ತಿಳಿದವರು ಹೇಳಿ.