ಸಿಜೆ-3ಬಿ ಪೆಟ್ರೋಲ್ ಜೀಪ್: ಎಂಜಿನ್ ಕಟ್ಟಿದ ಮೇಲೆ ಸ್ಟಾರ್ಟ್ ಆಗ್ತಿಲ್ಲ, ಕಾರ್ಬ್ಯುರೇಟರ್‌ನಿಂದ ಢಬ್ ಢಬ್

ತೋಟದಜೀಪು:
ಮಹೀಂದ್ರಾ ಸಿಜೆ-3ಬಿ, ಹರಿಕೇನ್ ಎಫ್-ಹೆಡ್ ಎಂಜಿನ್ (ಇನ್ಲೆಟ್ ವಾಲ್ವ್ ಹೆಡ್ಡಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಲ್ಲಿ ಇರೋದು). ಸಕಲೇಶಪುರದ ಕಡೆ ತೋಟದ ಶೆಡ್ಡಲ್ಲಿ ಎಂಜಿನ್ ಬಿಚ್ಚಿಟ್ಟು ವರ್ಷಗಟ್ಟಲೆ ಬಿದ್ದಿದ್ದ ಗಾಡಿ. ಬ್ಲಾಕ್ ಒಂದು ಮೂಲೆ, ಹೆಡ್ ಇನ್ನೊಂದು ಮೂಲೆ, ನಟ್ಟು ಬೋಲ್ಟೆಲ್ಲ ಗೊಬ್ಬರದ ಚೀಲದಲ್ಲಿ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದ್ದಾಯ್ತು. ಕಟ್ಟಿದ್ದು ನಮ್ಮೂರ ಮೇಸ್ತ್ರಿ, ಡೀಸೆಲ್ ಮೇಲೆ ಪಳಗಿದ ಕೈ. ಟೈಮಿಂಗ್ ಗೇರಿನ ಚುಕ್ಕೆಗಳು ಎದುರುಬದುರು ಕೂತಿದ್ದನ್ನ ಕವರ್ ಮುಚ್ಚೋ ಮುಂಚೆ ನಾನೇ ನೋಡಿದೀನಿ. ಕಂಪ್ರೆಷನ್ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ, ಪ್ಲಗ್‌ಗೆ ಕರೆಂಟ್ ಇದೆ, ಪೆಟ್ರೋಲ್ ಇದೆ. ಸೆಲ್ಫ್ ಹೊಡೆದ್ರೆ ಕಾರ್ಬ್ಯುರೇಟರ್ ಬಾಯಿಂದ ಉಗೀತಿದೆ, ಅಷ್ಟೇ.

ಪಾಯಿಂಟ್_ಪ್ಲಗ್:
ಡೆಲ್ಕೊ (ಪ್ಲಗ್‌ಗಳಿಗೆ ಸರದಿ ಪ್ರಕಾರ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್) 180 ಡಿಗ್ರಿ ಉಲ್ಟಾ ಕೂತಿರುತ್ತೆ. ಬಿಚ್ಚಿ ತಿರುಗಿಸಿ ಹಾಕಿ ಸಾರ್.

ಬಯಲುಸೀಮೆ:
ಇದಕ್ಕೆಲ್ಲ ಯಾಕೆ ಒದ್ದಾಡ್ತೀರ, ಒಂದು ಡೀಸೆಲ್ ಎಂಜಿನ್ ಕೂರಿಸಿಬಿಡಿ.

ಹಳೇಸ್ಪ್ಯಾನರ್:
ಡೀಸೆಲ್ ಕೂರಿಸಿ ಕೂರಿಸಿಯೇ ಪೆಟ್ರೋಲ್ ಜೀಪುಗಳೆಲ್ಲ ಮಾಯವಾಗಿರೋದು. ಬಿಡಿ, ವಿಷಯಕ್ಕೆ ಬರೋಣ.

ಪಾಯಿಂಟ್_ಪ್ಲಗ್ ಅವರೇ, ಈ ಎಂಜಿನ್ನಲ್ಲಿ ಡೆಲ್ಕೊ ಉಲ್ಟಾ ಕೂರೋದೇ ಇಲ್ಲ. ಆಯಿಲ್ ಪಂಪ್ ಬ್ಲಾಕಿನ ಎಡಗಡೆ ಹೊರಗಿದೆ, ಅದನ್ನ ತಿರುಗಿಸೋದು ವಾಲ್ವ್‌ಗಳನ್ನ ಎತ್ತೋ ಕ್ಯಾಮ್‌ಶಾಫ್ಟ್. ಬಲಗಡೆ ಇರೋ ಡೆಲ್ಕೊ ತಿರುಗೋದು ಆ ಪಂಪಿನ ಶಾಫ್ಟಿಂದ. ಎರಡೂ ಸೇರೋ ಜಾಗದ ಸೀಳು ನಟ್ಟನಡುವೆ ಇಲ್ಲ, ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ. ಹಾಗಾಗಿ ಡೆಲ್ಕೊ ಒಂದೇ ರೀತಿ ಕೂರುತ್ತೆ. ರೋಟರ್ (ಡೆಲ್ಕೊ ಒಳಗೆ ತಿರುಗೋ ಕೈ) ಎಲ್ಲೋ ನೋಡ್ತಿದೆ ಅಂದ್ರೆ ಪಂಪಿನ ಗೇರ್ ಹಲ್ಲು ತಪ್ಪಿ ಕೂತಿದೆ ಅಂತ. ಗೇರಿನ ಚುಕ್ಕೆ ಎಷ್ಟೇ ಸರಿ ಇದ್ರೂ ಇದು ತಪ್ಪಬಹುದು.

ಹೀಗೆ ನೋಡಿ. ಒಂದನೇ ಪ್ಲಗ್ ಬಿಚ್ಚಿ ತೂತಿಗೆ ಹೆಬ್ಬೆರಳು ಒತ್ತಿ, ಇನ್ನೊಬ್ಬರು ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಲಿ. ಗಾಳಿ ಬೆರಳನ್ನ ತಳ್ಳೋಕೆ ಶುರುವಾದ ಮೇಲೆ, ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ) 5 ಡಿಗ್ರಿ ಮುಂಚಿನ ಗುರುತಿಗೆ ನಿಲ್ಲಿಸಿ ಡೆಲ್ಕೊ ಕ್ಯಾಪ್ ತೆಗೀರಿ. ರೋಟರ್ ಒಂದನೇ ವೈರಿನ ಕಡೆ ಇರಬೇಕು, ಪಾಯಿಂಟ್ (ಡೆಲ್ಕೊ ಒಳಗೆ ಬಿಟ್ಟು ಕೂಡಿ ಕಿಡಿ ಹುಟ್ಟಿಸೋ ಸ್ವಿಚ್ಚು) ಆಗಷ್ಟೇ ಬಿಡೋಕೆ ಶುರುವಾಗಿರಬೇಕು. ಅಲ್ಲಿಂದ ರೋಟರ್ ತಿರುಗೋ ದಿಕ್ಕಲ್ಲೇ ಪ್ಲಗ್ ವೈರ್‌ಗಳು 1-3-4-2 ಕ್ರಮದಲ್ಲಿ.

ಇನ್ನೊಂದು, ಟ್ಯಾಪೆಟ್ ಗ್ಯಾಪ್, ಅಂದ್ರೆ ವಾಲ್ವ್‌ಗೂ ಅದನ್ನ ಒತ್ತೋ ಭಾಗಕ್ಕೂ ಮಧ್ಯೆ ಬಿಡೋ ಸಂದಿ. ಬೇರೆ ಎಂಜಿನ್ನುಗಳಲ್ಲಿ ಎಕ್ಸಾಸ್ಟ್‌ಗೆ ಹೆಚ್ಚು ಬಿಟ್ಟು ಅಭ್ಯಾಸ. ಇದರಲ್ಲಿ ಇನ್ಲೆಟ್‌ಗೆ 0.018 ಇಂಚು, ಎಕ್ಸಾಸ್ಟ್‌ಗೆ 0.016. ರಾಕರ್ ಕವರ್ ತೆಗೆದ್ರೆ ಕಾಣೋದು ಇನ್ಲೆಟ್ ಮಾತ್ರ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿದೆ, ಪಕ್ಕದ ಕವರ್ ಬಿಚ್ಚಬೇಕು.

ತೋಟದಜೀಪು:
ನೋಡಿದೆ ಸಾರ್. ರೋಟರ್ ಎರಡು ವೈರ್‌ಗಳ ಮಧ್ಯಕ್ಕೆ ನೋಡ್ತಿದೆ! ಎಂಜಿನ್ ಕೂರಿಸಿದ ಮೇಲೆ ಲೀಕ್ ಅಂತ ಮೇಸ್ತ್ರಿ ಪಂಪ್ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕಿದ್ರು. ಡೆಲ್ಕೊ ಬಾಡಿನೇ ತಿರುಗಿಸಿ ಅಡ್ಜಸ್ಟ್ ಮಾಡಬಹುದಾ?

ಹಳೇಸ್ಪ್ಯಾನರ್:
ಬೇಡ, ಅಷ್ಟು ತಿರುಗೋಕೆ ಕ್ಲಾಂಪ್ ಬಿಡಲ್ಲ. ಎಂಜಿನ್ ಅದೇ ಗುರುತಲ್ಲಿರಲಿ, ಡೆಲ್ಕೊ ಮೇಲೆತ್ತಿ ತೂತಿನೊಳಗೆ ಟಾರ್ಚ್ ಬಿಟ್ಟು ಸೀಳು ಎಲ್ಲಿದೆ ನೋಡಿ. ಆಮೇಲೆ ಪಂಪ್ ಹೊರಗೆ ತೆಗೆದು ಒಂದು ಹಲ್ಲು ಆಚೀಚೆ ಮಾಡಿ. ಗೇರ್ ಓರೆಹಲ್ಲಿನದು, ಒಳಗೆ ಹೋಗ್ತಾ ಶಾಫ್ಟ್ ತಾನಾಗೇ ತಿರುಗುತ್ತೆ. ಆ ತಿರುವನ್ನ ಲೆಕ್ಕ ಹಿಡಿದು ಸ್ವಲ್ಪ ಮುಂಚಿನಿಂದಲೇ ಶುರುಮಾಡಿ. ವಾಪಸ್ ಹಾಕೋ ಮುಂಚೆ ಪಂಪಿಗೆ ಆಯಿಲ್ ತುಂಬಿ. ಒಣಪಂಪ್ ಎಳೆಯೋದು ತಡವಾದ್ರೆ ಹೊಸ ಬೇರಿಂಗ್ ಉಜ್ಜಿಹೋಗುತ್ತೆ. ಕಾಯಿಲ್ ವೈರ್ ತೆಗೆದು, ಪ್ಲಗ್ ಬಿಚ್ಚಿ, ಆಯಿಲ್ ಗೇಜ್ ಮುಳ್ಳು ಏಳೋ ತನಕ ಸೆಲ್ಫ್ ಹೊಡೀರಿ.

ತೋಟದಜೀಪು:
ಸ್ಟಾರ್ಟ್ ಆಯ್ತು!! ಆಯಿಲ್ ಪ್ರೆಷರ್ ಚೆನ್ನಾಗಿದೆ. ಆದ್ರೆ ಬಿಸಿ ಆದ್ಮೇಲೆ ಹೆಡ್ ಗ್ಯಾಸ್ಕೆಟ್ ಸಂದಿಯಲ್ಲಿ ನೀರು ಜಿನುಗ್ತಿದೆ. ಬೋಲ್ಟ್ ಎಲ್ಲಾ ಟಾರ್ಕ್ ಮಾಡಿದೀವಿ.

ಹಳೇಸ್ಪ್ಯಾನರ್:
ಎಲ್ಲಾ ಅಂದ್ರೆ ಕಾರ್ಬ್ಯುರೇಟರ್ ಕೆಳಗಿರೋದೂ ಸೇರಿ? ಅಲ್ಲಿ ಇನ್ಲೆಟ್ ಬಾಯೊಳಗೆ ಒಂದು ಹೆಡ್ ಬೋಲ್ಟ್ ಅಡಗಿದೆ, ಕಾರ್ಬ್ಯುರೇಟರ್ ಬಿಚ್ಚಿದ್ರೆ ಮಾತ್ರ ಕಾಣೋದು. ತಣ್ಣಗಾದ ಮೇಲೆ ಅದನ್ನೂ ಸೇರಿಸಿ ಕ್ರಮವಾಗಿ 60ರಿಂದ 70 ಪೌಂಡ್-ಅಡಿಗೆ ಬಿಗಿ ಮಾಡಿ, ಆಮೇಲೆ ಟ್ಯಾಪೆಟ್ ಇನ್ನೊಮ್ಮೆ ನೋಡಿ. ಆಗಲೂ ಜಿನುಗಿದ್ರೆ ಹೆಡ್ ಇಳಿಸಿ ಮಟ್ಟ ಚೆಕ್ ಮಾಡಿಸಬೇಕಾಗುತ್ತೆ.

ತೋಟದಜೀಪು:
ಆ ಬೋಲ್ಟ್ ಕೈಯಲ್ಲೇ ತಿರುಗ್ತಿತ್ತು ಸಾರ್.