ಆನ್‌ಲೈನ್ ಪದವಿ ಅಸಲಿಯೋ ನಕಲಿಯೋ ಎಂದು ಪರಿಶೀಲಿಸುವುದು ಹೇಗೆ?

ಪ್ರಶ್ನೆ:
ಕೆಲಸದಲ್ಲಿದ್ದುಕೊಂಡೇ ಆನ್‌ಲೈನ್‌ನಲ್ಲಿ ಎಂಬಿಎ ಮಾಡಬೇಕೆಂದಿದ್ದೇನೆ. ವಿದೇಶಿ ವಿಶ್ವವಿದ್ಯಾಲಯವೊಂದರ ಜಾಲತಾಣದಲ್ಲಿ ‘ಅಂತರರಾಷ್ಟ್ರೀಯ ಮಾನ್ಯತೆ ಪಡೆದಿದೆ’ ಎಂದು ಬರೆದು, ಮಾನ್ಯತೆ ಕೊಟ್ಟ ಮಂಡಳಿಯ ಕೊಂಡಿಯನ್ನೂ ಹಾಕಿದ್ದಾರೆ. ವಿಳಾಸ ‘ಡಾಟ್ ಎಜು’ ಎಂದು ಮುಗಿಯುತ್ತದೆ. ಉದ್ಯೋಗಾನುಭವವನ್ನು ಪರಿಗಣಿಸಿ ಕೆಲವೇ ವಾರಗಳಲ್ಲಿ ಪದವಿ ಕೊಡುತ್ತಾರಂತೆ. ಈ ವಾರವೇ ಸೇರಿದರೆ ಶುಲ್ಕದಲ್ಲಿ ರಿಯಾಯಿತಿಯೂ ಇದೆಯಂತೆ. ನಂಬಬಹುದೇ?

ಉತ್ತರ 1:
ಆ ಕೊಂಡಿಯ ಮೂಲಕ ಪರಿಶೀಲಿಸಲು ಹೋಗಬೇಡಿ. ನಕಲಿ ಪದವಿ ಮಾರುವವರು ವಿಶ್ವವಿದ್ಯಾಲಯವನ್ನಷ್ಟೇ ಅಲ್ಲ, ಅದಕ್ಕೆ ಮಾನ್ಯತೆ ಕೊಡುವ ಮಂಡಳಿಯನ್ನೂ ತಾವೇ ಹುಟ್ಟುಹಾಕಿರುತ್ತಾರೆ. 2015ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆದ ಕರಾಚಿಯ ಆಕ್ಸಾಕ್ಟ್ ಕಂಪನಿಯ ಹಗರಣದಲ್ಲಿ ನೂರಾರು ಬೋಗಸ್ ಜಾಲತಾಣಗಳಿದ್ದವು. ಅವುಗಳಲ್ಲಿ ಸುಳ್ಳು ಮಾನ್ಯತಾ ಸಂಸ್ಥೆಗಳೂ ಇದ್ದವು, ವಿಡಿಯೋಗಳಲ್ಲಿ ಮಾತನಾಡಿದ ‘ಪ್ರಾಧ್ಯಾಪಕರು’ ಹಣ ಪಡೆದು ನಟಿಸಿದವರಾಗಿದ್ದರು. ಹಾಗಾಗಿ ವಿಶ್ವವಿದ್ಯಾಲಯ ಯಾವ ದೇಶದ್ದೆಂದು ಖಚಿತಪಡಿಸಿಕೊಂಡು, ಆ ದೇಶದ ಅಧಿಕೃತ ಪಟ್ಟಿಯನ್ನು ನೀವೇ ಹುಡುಕಿ ತೆರೆದು, ಅಲ್ಲಿಂದ ವಿಶ್ವವಿದ್ಯಾಲಯದ ಹೆಸರಿಗೆ ಬರಬೇಕು. ಅಮೆರಿಕದಲ್ಲಿ ಶಿಕ್ಷಣ ಇಲಾಖೆಯ ಮತ್ತು ಮಾನ್ಯತಾ ಮಂಡಳಿಗಳನ್ನೇ ಪರಿಶೀಲಿಸಿ ಗುರುತಿಸುವ ಸಿಎಚ್‌ಇಎ ಎಂಬ ಖಾಸಗಿ ಸಂಸ್ಥೆಯ ದತ್ತಸಂಚಯಗಳಿವೆ, ಇಂಗ್ಲೆಂಡಿನಲ್ಲಿ ಉನ್ನತ ಶಿಕ್ಷಣದ ನಿಯಂತ್ರಕ ಸಂಸ್ಥೆಯಾದ ಆಫೀಸ್ ಫಾರ್ ಸ್ಟೂಡೆಂಟ್ಸ್‌ನ ನೋಂದಣಿ ಪಟ್ಟಿಯಿದೆ, ಭಾರತದಲ್ಲಿ ಯುಜಿಸಿ ಪಟ್ಟಿಯಿದೆ. ಹೆಸರು ಸಿಕ್ಕರೂ ಅಲ್ಲಿ ಕೊಟ್ಟಿರುವ ಜಾಲತಾಣದ ವಿಳಾಸವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಹೆಸರಾಂತ ಸಂಸ್ಥೆಯನ್ನೇ ಹೋಲುವ ಹೆಸರಿಟ್ಟುಕೊಳ್ಳುವುದು ಇವರ ಹಳೆಯ ಚಾಳಿ.

‘ಡಾಟ್ ಎಜು’ ವಿಳಾಸ 2001ರ ಅಂತ್ಯದಿಂದ ಅಮೆರಿಕದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳಿಗಷ್ಟೇ ಸಿಗುತ್ತಿದೆ. ಆದರೆ ಅದಕ್ಕೂ ಮುಂಚೆ ಪಡೆದವರು ಹಾಗೆಯೇ ಉಳಿಸಿಕೊಂಡಿದ್ದಾರೆ, ಆದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಉತ್ತರ 2:
ಅನುಭವಕ್ಕೆ ಕ್ರೆಡಿಟ್ ಕೊಡುವ ಪದ್ಧತಿ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲೂ ಇದೆ. ಆದರೆ ಅಲ್ಲಿ ದಾಖಲೆಗಳನ್ನು ಅಧ್ಯಾಪಕರು ಪರಿಶೀಲಿಸಿ, ಪದವಿಯ ಒಂದು ಭಾಗಕ್ಕೆ ಮಾತ್ರ ವಿನಾಯಿತಿ ಕೊಡುತ್ತಾರೆ. ಇಡೀ ಪದವಿಯನ್ನೇ ಅನುಭವದ ಮೇಲೆ ಕೊಡುತ್ತೇವೆಂದರೆ ಅದು ಮಾರಾಟವೇ ಸರಿ. 2004ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ತನಿಖಾಧಿಕಾರಿಗಳು ಕೋಲ್ಬಿ ನೋಲನ್ ಎಂಬ ಬೆಕ್ಕಿನ ಹೆಸರಿನಲ್ಲಿ ‘ಟ್ರಿನಿಟಿ ಸದರ್ನ್ ಯೂನಿವರ್ಸಿಟಿ’ಗೆ ಬಿಎ ಮಟ್ಟದ ಪದವಿ ಕೇಳಿ ಅರ್ಜಿ ಹಾಕಿದಾಗ, ಇನ್ನು 100 ಡಾಲರ್ ಸೇರಿಸಿದರೆ ಅನುಭವದ ಆಧಾರದ ಮೇಲೆ ಎಂಬಿಎಯನ್ನೇ ಕೊಡುವುದಾಗಿ ಉತ್ತರ ಬಂತು. ಬೆಕ್ಕಿಗೆ ಅಂಕಪಟ್ಟಿಯೂ ಸಿಕ್ಕಿತು! ಇನ್ನು ರಿಯಾಯಿತಿಯ ಗಡುವು ಹಾಕಿ ಅವಸರಪಡಿಸುತ್ತಾರೆಂದರೆ, ನಿಮಗೆ ವಿಚಾರಿಸಲು ಸಮಯ ಸಿಗಬಾರದೆಂಬುದೇ ಅದರ ಉದ್ದೇಶವಿರಬಹುದು.

ಉತ್ತರ 3:
ಮೇಲಿನವರು ಹೇಳಿದ್ದಕ್ಕೆ ಸಣ್ಣ ತಕರಾರು. ಸಂಸ್ಥೆ ಪಟ್ಟಿಯಲ್ಲಿದ್ದರೆ ಕೆಲಸ ಮುಗಿಯಲಿಲ್ಲ. ಸಂಸ್ಥೆಗೆ ಮಾನ್ಯತೆ ಇದ್ದೂ ನೀವು ಸೇರುವ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸಲು ಅನುಮತಿ ಇಲ್ಲದಿರಬಹುದು. ಭಾರತದಲ್ಲಿ ಅದಕ್ಕೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪ್ರತ್ಯೇಕ ಪಟ್ಟಿಯನ್ನು ನೋಡಬೇಕು. ಪದವಿಪತ್ರಕ್ಕೆ ಅಪೊಸ್ಟಿಲ್ (ದಾಖಲೆಯನ್ನು ಬೇರೆ ದೇಶದಲ್ಲಿ ಬಳಸಲು ಬೇಕಾದ ಅಧಿಕೃತ ದೃಢೀಕರಣ) ಮಾಡಿಸಿಕೊಡುತ್ತೇವೆ ಎಂಬ ಮಾತಿಗೂ ಮರುಳಾಗಬೇಡಿ: ಅಪೊಸ್ಟಿಲ್ ದೃಢೀಕರಿಸುವುದು ಸಹಿ ಮತ್ತು ಮೊಹರನ್ನೇ ಹೊರತು ಓದಿನ ಗುಣಮಟ್ಟವನ್ನಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಎರಡೂ ಅಮೆರಿಕನ್ ಪಟ್ಟಿಗಳಲ್ಲಿ ಆ ಮಂಡಳಿಯ ಹೆಸರೇ ಇಲ್ಲ. ಕೇಳಿದ್ದಕ್ಕೆ, ತಮ್ಮದು ಸ್ವತಂತ್ರ ಮಂಡಳಿಯಾದ್ದರಿಂದ ಸರ್ಕಾರಿ ಪಟ್ಟಿಗೆ ಸೇರಿಲ್ಲ ಎಂದರು.

ಉತ್ತರ 1:
ಅಮೆರಿಕದ ಅಸಲಿ ಮಾನ್ಯತಾ ಮಂಡಳಿಗಳಲ್ಲಿ ಹೆಚ್ಚಿನವು ಖಾಸಗಿಯೇ. ಆದರೂ ಆ ಪಟ್ಟಿಗಳಲ್ಲಿವೆ. ದುಡ್ಡು ಕಟ್ಟಬೇಡಿ.