ಬೀಗ ಹಾಕಿಟ್ಟ ಜನರೇಟರ್

ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ಹರಿಹರದ ಅತ್ತೆ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಕಳುಹಿಸಿದರು. ಅದು ಅವರಿಗೂ ಬೇರೆ ಯಾರಿಂದಲೋ ಬಂದದ್ದು. ಹಲವು ಬಾರಿ ಫಾರ್ವರ್ಡ್ ಆಗಿದೆ ಎಂಬ ಗುರುತು ಮೇಲೆಯೇ ಇತ್ತು. “ಚಳಿಗಾಲಕ್ಕೆ ವಾಹನ ನಿಲ್ಲಿಸುವವರೇ, ಎಚ್ಚರ! ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಒಂದೇ ರಾತ್ರಿಯಲ್ಲಿ ಅದರ ಚಾರ್ಜೆಲ್ಲ ಭೂಮಿಗೆ ಇಳಿದುಹೋಗುತ್ತದೆ. ಜನರೇಟರನ್ನು ದಿನವೂ ಐದು ನಿಮಿಷ ಓಡಿಸಿ. ಬೀಗ ಹಾಕಿಟ್ಟ ಜನರೇಟರ್ ಸತ್ತ ಜನರೇಟರ್.” ಅದರ ಕೆಳಗೆ ಅತ್ತೆ, “ಪ್ರವೀಣ, ಇದನ್ನು ಓದಪ್ಪ. ನಿನ್ನ ಗಾಡಿಗೆ ಬೇಕಾದೀತು” ಎಂದು ತಮ್ಮ ಮಾತನ್ನೂ ಸೇರಿಸಿದ್ದರು.

ಪ್ರವೀಣ ನಮ್ಮ ಚಿಕ್ಕಪ್ಪನ ಮಗ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿದ್ದಾನೆ. ಹಾಸಿಗೆ, ಒಲೆ, ಶೌಚಾಲಯ, ಕರೆಂಟಿಗೊಂದು ಜನರೇಟರ್ ಎಲ್ಲವೂ ಗಾಡಿಯಲ್ಲೇ ಇರುವ ಹಳೆಯ ಮೋಟರ್‌ಹೋಮ್ ಒಂದನ್ನು ಈ ವರ್ಷ ಕೊಂಡು, ಬೇಸಿಗೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಅದರಲ್ಲಿ ತಿರುಗಾಡಿ, ಅಕ್ಟೋಬರ್ ಕೊನೆಗೆ ಅದನ್ನು ಗೆಳೆಯನ ಹೊಲದ ಶೆಡ್ಡಿನಲ್ಲಿ ನಿಲ್ಲಿಸಿದ್ದಾನೆ. ಇನ್ನು ಏಪ್ರಿಲ್‌ವರೆಗೆ ಅದು ಕದಲುವುದಿಲ್ಲ. ಡಿಸೆಂಬರಿನ ನಸುಕಿನಲ್ಲಿ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಶಾಲು ಹುಡುಕುವವರು ನಾವು. ಅಲ್ಲಿ ಜನವರಿಯ ರಾತ್ರಿಗಳಲ್ಲಿ ಮೈನಸ್ 20 ಎಂಬುದು ದೊಡ್ಡ ಸುದ್ದಿಯಲ್ಲ.

ದಾವಣಗೆರೆಯಲ್ಲಿ ಇನ್ವರ್ಟರ್ ಬ್ಯಾಟರಿಗಳ ಅಂಗಡಿ ನಡೆಸುವ ನನಗೆ ಆ ಸಂದೇಶ ಓದಿ ಸುಮ್ಮನಿರಲಾಗಲಿಲ್ಲ. “ಅತ್ತೆ, ಇದನ್ನು ಬರೆದವರು ಯಾರು, ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟು ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಮೀಟರ್ ಹಿಡಿದು ನೋಡಿದವರು ಯಾರು ಎಂಬುದು ತಿಳಿಯದೆ ಇದನ್ನು ನಂಬುವುದು ಹೇಗೆ?” ಎಂದು ಕೇಳಿದೆ. ಗುಂಪಿನಲ್ಲಿ ಇಂಥ ಪ್ರಶ್ನೆ ಕೇಳುವವನು ಯಾವಾಗಲೂ ನಾನೇ. ಚಿತ್ರದುರ್ಗದಲ್ಲಿರುವ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ದೊಡ್ಡಪ್ಪ ಕೂಡಲೇ ಉತ್ತರಿಸಿದರು: “ಹಿರಿಯರು ಕಾಳಜಿಯಿಂದ ಹೇಳಿದ ಮಾತನ್ನು ಮೊದಲು ಮನಸ್ಸಿಟ್ಟು ಕೇಳಬೇಕು, ಆಮೇಲೆ ಪ್ರಶ್ನಿಸಬೇಕು. ಕೊಳ್ಳುವುದಕ್ಕೆ ಹಣ ಸಾಕು. ಕೊಂಡದ್ದನ್ನು ಕಾಪಾಡಿಕೊಳ್ಳುವುದಕ್ಕೆ ಶಿಸ್ತು ಬೇಕು.”

ಅಷ್ಟರಲ್ಲಿ ಚಿಕ್ಕಪ್ಪ ಬರೆದರು: “ಅಕ್ಕ, ಕೊನೆಯ ಸಾಲು ಯಾರನ್ನು ಕುರಿತದ್ದೆಂದು ನನಗೆ ತಿಳಿಯದೇ ಇಲ್ಲ. ನನ್ನ ಮಗನ ಹೆಸರು ಹಿಡಿದು ಅದನ್ನು ಇಲ್ಲಿ ಹಾಕಬೇಕಾಗಿತ್ತೆ?”

ಹೊರಗಿನವರಿಗೆ ಇದು ಅರ್ಥವಾಗಲಾರದು. ನಮ್ಮ ಅಜ್ಜ ಮದುವೆ ಮನೆಗಳಿಗೆ ಶಾಮಿಯಾನ, ಪಾತ್ರೆ, ಲೈಟಿನ ಸೀರಿಯಲ್ ಸೆಟ್ಟುಗಳ ಜೊತೆಗೆ ಡೀಸೆಲ್ ಜನರೇಟರನ್ನೂ ಬಾಡಿಗೆಗೆ ಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಪಾಲಿನ ಮಾತು ಬಿಗಡಾಯಿಸಿ, ಜನರೇಟರ್ ಎರಡು ಮಳೆಗಾಲ ಶೆಡ್ಡಿನಲ್ಲೇ ಉಳಿಯಿತು. ಬೀಗದ ಕೈ ಚಿಕ್ಕಪ್ಪನ ಹತ್ತಿರವಿತ್ತು. ಕೊನೆಗೆ ಬಾಗಿಲು ತೆರೆದಾಗ ಟ್ಯಾಂಕಿನ ಡೀಸೆಲ್ ತಳದಲ್ಲಿ ಕೆಸರಿನಂತಾಗಿತ್ತು, ವೈಂಡಿಂಗ್, ಎಂದರೆ ಒಳಗಿನ ತಂತಿಯ ಸುರುಳಿ, ತೇವ ಹಿಡಿದಿತ್ತು, ಬ್ಯಾಟರಿಯ ನೀರು ಆರಿ ಪ್ಲೇಟುಗಳು ಬೆಳ್ಳಗಾಗಿದ್ದವು. ಎಲ್ಲವೂ ಗುಜರಿಗೆ ಹೋಯಿತು. ಕೇಳಿದರೂ ಬೀಗದ ಕೈ ಕೊಡಲಿಲ್ಲ ಎಂಬುದು ಅತ್ತೆಯ ಮಾತು. ಯಾರೂ ಕೇಳಲೇ ಇಲ್ಲ ಎಂಬುದು ಚಿಕ್ಕಪ್ಪನ ಮಾತು. ಮದುವೆ, ಗೃಹಪ್ರವೇಶ, ಕೊನೆಗೆ ತಿಥಿಯ ಮನೆಯಲ್ಲೂ ಈ ಮಾತು ಬಂದಿದೆ.

“ನಾನು ಯಾರನ್ನೂ ಕುರಿತು ಹಾಕಿದ್ದಲ್ಲ, ಬಂದದ್ದನ್ನು ಕಳುಹಿಸಿದೆ. ಆದರೆ ಸಾಲು ಸುಳ್ಳೇನೂ ಅಲ್ಲ” ಎಂದು ಅತ್ತೆ ಬರೆದದ್ದು ಬೆಂಕಿಗೆ ಎಣ್ಣೆಯಾಯಿತು. ಅದರ ನಡುವೆಯೇ ಬೆಂಗಳೂರಿನ ಶೋಭಕ್ಕ, ದುಗ್ಗಮ್ಮನ ಜಾತ್ರೆಯಲ್ಲಿ ಅಜ್ಜನ ಜನರೇಟರ್ ಗುಡುಗುಡು ಎನ್ನುತ್ತಿದ್ದರೆ ನಮ್ಮ ಓಣಿಯ ಮಕ್ಕಳೆಲ್ಲ ಅದರ ಸುತ್ತ ನಿಲ್ಲುತ್ತಿದ್ದುದನ್ನು ಬರೆಯತೊಡಗಿದಳು. ಅವಳು ಮಾತು ತಪ್ಪಿಸುತ್ತಿದ್ದಾಳೆಂದು ಮೊದಲು ನನಗೆ ಬೇಸರವಾಯಿತು. ಆದರೆ ಅವಳು ಮುಂದೆ ಬರೆದದ್ದು ಇದು: “ಆಷಾಢದಲ್ಲಿ ಮದುವೆಗಳಿಲ್ಲದೆ ಜನರೇಟರ್ ಖಾಲಿ ನಿಂತಿದ್ದರೂ ಅಜ್ಜ ಅಮಾವಾಸ್ಯೆಯ ದಿನ ಅದಕ್ಕೆ ಪೂಜೆ ಮಾಡಿ, ಕಾಯಿ ಒಡೆದು, ಅಂಗಳದ ತುಂಬ ಹಾಲೊಜನ್ ದೀಪಗಳನ್ನು ಹಚ್ಚಿ ಎರಡು ತಾಸು ಓಡಿಸುತ್ತಿದ್ದರು. ಹಗಲಿನಲ್ಲಿ ದೀಪ ಏಕೆ ಎಂದು ಕೇಳಿದರೆ, ಅದಕ್ಕೂ ಹೊಟ್ಟೆ ತುಂಬ ಕೆಲಸ ಬೇಕು ಎನ್ನುತ್ತಿದ್ದರು.”

ಶೋಭಕ್ಕನ ಆ ನೆನಪಿಗಿಂತ ಸರಿಯಾದ ಮಾತು ಆ ಬೆಳಿಗ್ಗೆ ಗುಂಪಿನಲ್ಲಿ ಬಂದಿರಲಿಲ್ಲ. ತಿಂಗಳಿಗೊಮ್ಮೆ, ಅದರ ಶಕ್ತಿಯ ಅರ್ಧದಷ್ಟಾದರೂ ಲೋಡ್, ಎಂದರೆ ಕರೆಂಟು ಎಳೆಯುವ ಕೆಲಸ ಕೊಟ್ಟು, ಸುಮಾರು ಎರಡು ತಾಸು ಓಡಿಸಬೇಕೆಂಬುದು ಮೋಟರ್‌ಹೋಮ್ ಜನರೇಟರುಗಳಿಗೂ ಹೇಳುವ ಕ್ರಮವೇ. ಅಂಗಡಿಯ ಬಾಗಿಲು ತೆಗೆಯುವುದನ್ನು ತಡಮಾಡಿ, ನಾನು ಕುಳಿತು ಉದ್ದವಾಗಿ ಬರೆದೆ.

ಐದು ನಿಮಿಷದ ಓಟ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ ಎಂಬುದನ್ನು ಮೊದಲು ಹೇಳಿದೆ. ಇಂಜಿನ್ ಸರಿಯಾಗಿ ಕಾಯುವ ಮೊದಲೇ ನಿಲ್ಲಿಸಿದರೆ, ಉರಿದ ಇಂಧನದಿಂದ ಹುಟ್ಟಿದ ತೇವ ಆವಿಯಾಗಿ ಹೊರಹೋಗದೆ ಆಯಿಲ್‌ನಲ್ಲೇ ಉಳಿಯುತ್ತದೆ. ಡೀಸೆಲ್ ಇಂಜಿನ್ನಾದರೆ ಲೋಡ್ ಇಲ್ಲದೆ ಓಡಿದಾಗ ಪೂರ್ತಿ ಉರಿಯದ ಇಂಧನ ಹೊಗೆಕೊಳವೆಯಲ್ಲಿ ಕಪ್ಪಗೆ ಜಿಡ್ಡುಗಟ್ಟುತ್ತದೆ. ಲೋಡ್ ಕೊಟ್ಟು ಓಡಿಸಿದಾಗ ಮಾತ್ರ ವೈಂಡಿಂಗ್ ಬಿಸಿಯಾಗಿ ಅದರ ತೇವ ಆರುತ್ತದೆ. ಅಜ್ಜ ಹಗಲಿನಲ್ಲಿ ದೀಪ ಹಚ್ಚುತ್ತಿದ್ದುದು ಇದಕ್ಕೇ.

ಸಿಮೆಂಟ್ ನೆಲದ ಮಾತಿಗೆ ಒಂದು ಮೂಲವಿದೆ, ಅದನ್ನು ನಾನು ಅಲ್ಲಗಳೆಯಲಿಲ್ಲ. ಬಹಳ ಹಿಂದೆ ಬ್ಯಾಟರಿಗಳ ಗಾಜಿನ ಜಾಡಿಗಳನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದರು. ನೆಲದ ತೇವಕ್ಕೆ ಮರ ಉಬ್ಬಿದರೆ ಗಾಜು ಬಿರಿಯುತ್ತಿತ್ತು. ಅನಂತರ ಬಂದ ಗಟ್ಟಿ ರಬ್ಬರಿನ ಪೆಟ್ಟಿಗೆಗಳಲ್ಲಿ ಇಂಗಾಲದ ಅಂಶವಿದ್ದುದರಿಂದ ತೇವದ ಮೂಲಕ ಅಷ್ಟಿಷ್ಟು ಕರೆಂಟು ಸೋರುತ್ತಿತ್ತು. ಈಗಿನದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಅದರ ಮೂಲಕ ಕರೆಂಟು ಹರಿಯುವುದಿಲ್ಲ. ಯಾವ ನೆಲದ ಮೇಲಿಟ್ಟರೂ ಲೆಡ್ ಆಸಿಡ್ ಬ್ಯಾಟರಿ ತನ್ನಷ್ಟಕ್ಕೆ ತಾನೇ ತಿಂಗಳಿಗೆ ನೂರಕ್ಕೆ ನಾಲ್ಕೈದು ಭಾಗದಷ್ಟು ಇಳಿಯುತ್ತದೆ. ಸೆಕೆ ಹೆಚ್ಚಾದಷ್ಟೂ ಅದು ಬೇಗ ಇಳಿಯುತ್ತದೆ, ಚಳಿಯಲ್ಲಿ ನಿಧಾನವಾಗುತ್ತದೆ. ಸುಮ್ಮನೆ ಇಟ್ಟ ಬ್ಯಾಟರಿಯ ಚಾರ್ಜಿಗೆ ನಮ್ಮ ಏಪ್ರಿಲ್ ಮಿನ್ನೆಸೋಟದ ಜನವರಿಗಿಂತ ಕೆಟ್ಟದ್ದೆಂದರೆ ಗಿರಾಕಿಗಳು ನಂಬುವುದಿಲ್ಲ, ಆದರೆ ಅದು ನಿಜ.

ಚಳಿಯ ಅಪಾಯ ಇರುವುದು ಬೇರೆ ಕಡೆ. ಪೂರ್ತಿ ಚಾರ್ಜಾದ ಬ್ಯಾಟರಿಯ ಆಸಿಡ್ ಹೆಪ್ಪುಗಟ್ಟಲು ಮೈನಸ್ 50ಕ್ಕಿಂತಲೂ ಕೆಳಗೆ ಇಳಿಯಬೇಕು. ಚಾರ್ಜ್ ಇಳಿದಂತೆಲ್ಲ ಆಸಿಡ್ ತೆಳುವಾಗಿ ನೀರಿನ ಗುಣಕ್ಕೆ ಹತ್ತಿರವಾಗುತ್ತದೆ. ಬರಿದಾದ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಗಡ್ಡೆಕಟ್ಟಿ ಪೆಟ್ಟಿಗೆಯನ್ನು ಸೀಳುತ್ತದೆ. “ಆದ್ದರಿಂದ ಪ್ರವೀಣ, ನೆಲವನ್ನು ಬಿಡು. ನಿನ್ನ ಬ್ಯಾಟರಿ ಈಗ ಎಷ್ಟು ವೋಲ್ಟ್ ತೋರಿಸುತ್ತದೆ?” ಎಂದು ಮುಗಿಸಿದೆ. ಅಷ್ಟು ಹೊತ್ತು ಇಷ್ಟು ಜನ ಮಾತನಾಡಿದ್ದರೂ ಗಾಡಿಯ ಒಡೆಯನನ್ನು ಈ ಪ್ರಶ್ನೆ ಕೇಳಿದವರು ಯಾರೂ ಇರಲಿಲ್ಲ.

ಅಲ್ಲಿ ಆಗ ರಾತ್ರಿ. ಪ್ರವೀಣನ ಉತ್ತರ ಬಂದಾಗ ನಮಗೆ ಮತ್ತೊಂದು ರಾತ್ರಿಯಾಗಿತ್ತು. ಅವನು ಎದ್ದವನೇ ಶೆಡ್ಡಿಗೆ ಹೋಗಿ ನೋಡಿದ್ದ: ಒಳಮನೆಯ ದೀಪಗಳಿಗಿರುವ ಬ್ಯಾಟರಿಗಳು 12.1 ವೋಲ್ಟ್ ತೋರಿಸುತ್ತಿದ್ದವು. ತಣ್ಣಗೆ ನಿಂತ 12 ವೋಲ್ಟ್ ಬ್ಯಾಟರಿ ಪೂರ್ತಿ ತುಂಬಿದ್ದರೆ 12.6ರಿಂದ 12.7 ಇರಬೇಕು, 12.1 ಎಂದರೆ ಅರ್ಧ ಹೋಗಿದೆ ಎಂದರ್ಥ. ಅವನು ಎಲ್ಲ ಸ್ವಿಚ್ಚುಗಳನ್ನೂ ಆರಿಸಿದ್ದ. ಆದರೆ ಅಡುಗೆ ಅನಿಲ ಸೋರಿದರೆ ಕೂಗುವ ಯಂತ್ರ, ರೇಡಿಯೊದ ಗಡಿಯಾರ ಇಂಥವು ಸ್ವಿಚ್ಚಿಗೆ ಸಿಗದೆ ಹಗಲೂ ರಾತ್ರಿ ಕರೆಂಟು ಹೀರುತ್ತಲೇ ಇರುತ್ತವೆ. ಹೀಗೇ ಬಿಟ್ಟಿದ್ದರೆ ಜನವರಿಗೆ ಅವು ಬರಿದಾಗಿ ಬಿರಿಯುತ್ತಿದ್ದವು. ಬಿರಿಯದಿದ್ದರೂ, ಚಾರ್ಜಿಲ್ಲದೆ ಕುಳಿತ ಪ್ಲೇಟುಗಳ ಮೇಲೆ ಕೂಡುವ ಸಲ್ಫೇಟ್ ಎಂಬ ಬಿಳಿ ಪದರ ಗಟ್ಟಿಯಾಗಿ ಮತ್ತೆ ಕರಗುತ್ತಿರಲಿಲ್ಲ.

ಆ ಶೆಡ್ಡಿನಲ್ಲಿ ಕರೆಂಟಿಲ್ಲ. ಹಾಗಾಗಿ ಅವನಿಗೆ ಹೇಳಿದೆ: ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಕಾರ್ಬುರೇಟರಿನ ಸಣ್ಣ ತೂತುಗಳಲ್ಲಿ ಅಂಟುಗಟ್ಟುತ್ತದೆ, ಆದ್ದರಿಂದ ಮೊದಲು ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸು. ಗಾಡಿಯನ್ನು ಶೆಡ್ಡಿನಿಂದ ಹೊರಗೆ ತಂದೇ ಜನರೇಟರ್ ಓಡಿಸು, ಮುಚ್ಚಿದ ಜಾಗದಲ್ಲಿ ಅದರ ಹೊಗೆ ಪ್ರಾಣ ತೆಗೆಯುತ್ತದೆ. ಬೆರೆಸಿದ ಪೆಟ್ರೋಲ್ ಕಾರ್ಬುರೇಟರಿನವರೆಗೆ ಹೋಗುವಂತೆ ಹೀಟರಿನ ಲೋಡ್ ಕೊಟ್ಟು ಓಡಿಸಿ, ಆಯಿಲ್ ಬದಲಿಸು. ಇದೆಲ್ಲ ಆದ ಮೇಲೆಯೇ ಬ್ಯಾಟರಿ ಬಿಚ್ಚು, ಏಕೆಂದರೆ ಬ್ಯಾಟರಿಯಿಲ್ಲದೆ ಜನರೇಟರ್ ಸ್ಟಾರ್ಟ್ ಆಗದು. ಮೊದಲು ನೆಗೆಟಿವ್ ವೈರು, ಆಮೇಲೆ ಪಾಸಿಟಿವ್. ಗಾಡಿಯ ಇಂಜಿನ್ನಿಗೆ ಬೇರೆ ಬ್ಯಾಟರಿ ಇರುತ್ತದೆ, ಅದನ್ನು ಮರೆಯಬೇಡ. ಮನೆಯ ಗ್ಯಾರೇಜಿನಲ್ಲಿ, ಗಾಳಿಯಾಡುವ ಕಡೆ ಇಟ್ಟು ಪೂರ್ತಿ ಚಾರ್ಜ್ ಮಾಡಿ, ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕು. ಆಮೇಲೆ ತಿಂಗಳಿಗೊಮ್ಮೆ ಮೀಟರ್ ಹಿಡಿ, 12.4ಕ್ಕೆ ಇಳಿಯುವ ಮೊದಲೇ ಮತ್ತೆ ಚಾರ್ಜ್ ಮಾಡು.

“ಅಣ್ಣ, ಗ್ಯಾರೇಜಿನ ನೆಲವೂ ಸಿಮೆಂಟಿನದೇ. ಕೆಳಗೆ ಹಲಗೆ ಹಾಕಲೇ?” ಎಂದು ಅವನು ಕೇಳಿದ. ಬೇಕಿಲ್ಲ, ಹಾಕಿದರೆ ನಷ್ಟವೂ ಇಲ್ಲ ಎಂದೆ. ಅತ್ತೆ ಇದನ್ನು ತಮ್ಮ ಗೆಲುವೆಂದು ಭಾವಿಸಿ, “ನಾನು ಹೇಳಿದ್ದೂ ಅದನ್ನೇ. ಕೇಳಿದವರು ಉಳಿಸಿಕೊಳ್ಳುತ್ತಾರೆ, ಕೇಳಿದರೂ ಕೊಡದವರು ಕಳೆಯುತ್ತಾರೆ” ಎಂದು ಬರೆದರು. ಮತ್ತೆ ಬೀಗದ ಕೈ ಬಂತು. “ಕೇಳಿದವರು ಯಾರು? ಹೆಸರು ಹೇಳಿ” ಎಂದರು ಚಿಕ್ಕಪ್ಪ.

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಬೆಳಿಗ್ಗೆಯಿಂದ ಎಲ್ಲರನ್ನೂ ಮೂಲ ಕೇಳುತ್ತಿದ್ದವನು ನಾನು. ಬರೆದು ಅಳಿಸಿ, ಮತ್ತೆ ಬರೆದು ಕಳುಹಿಸಿದೆ: “ಚಿಕ್ಕಪ್ಪ, ಆ ವರ್ಷದ ಆಷಾಢದಲ್ಲಿ ಅಮಾವಾಸ್ಯೆಯ ದಿನ, ಜನರೇಟರ್ ಓಡಿಸಬೇಕು, ಬೀಗದ ಕೈ ತೆಗೆದುಕೊಂಡು ಬಾ ಎಂದು ಅಪ್ಪ ನನ್ನನ್ನು ನಿಮ್ಮ ಮನೆಗೆ ಕಳುಹಿಸಿದ್ದರು. ನನಗಾಗ ಹದಿಮೂರು ವರ್ಷ. ನೀವು ಒಳಗೆ ಯಾರ ಮೇಲೋ ರೇಗುತ್ತಿದ್ದಿರಿ. ನಾನು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಹೆದರಿ, ಹಿಂದಿರುಗಿ ಬಂದು, ಕೊಡಲಿಲ್ಲ ಎಂದುಬಿಟ್ಟೆ. ಅಪ್ಪ ಅದನ್ನೇ ಅತ್ತೆಗೆ ಹೇಳಿದರು. ನಿಮ್ಮನ್ನು ಯಾರೂ ಕೇಳಿರಲಿಲ್ಲ.”

ಎಲ್ಲರೂ ಓದಿದ ನೀಲಿ ಗುರುತು ಬಂತು. ಅತ್ತೆ ಏನೋ ಬರೆಯುತ್ತಿರುವಂತೆ ಕಾಣಿಸಿ ನಿಂತುಹೋಯಿತು. ದೊಡ್ಡಪ್ಪ ಕೂಡ ಏನನ್ನೂ ಹೇಳಲಿಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಚಿಕ್ಕಪ್ಪ, ಗುಂಪಿನಲ್ಲಿ ಅಲ್ಲ, ನನಗೊಬ್ಬನಿಗೇ ಬರೆದರು: “ನಮ್ಮ ಮನೆಯ ಇನ್ವರ್ಟರ್ ಕರೆಂಟು ಹೋದರೆ ಅರ್ಧ ಗಂಟೆಯೂ ನಿಲ್ಲುತ್ತಿಲ್ಲ. ಯಾವಾಗ ಬರುತ್ತೀಯ?”

ಸೋಮವಾರ ಬೆಳಿಗ್ಗೆಯೇ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಎರಡು ಕ್ಯಾನ್ ಡಿಸ್ಟಿಲ್ಡ್ ವಾಟರ್ ಹಿಡಿದು ಹೋದೆ. ಆರು ಮುಚ್ಚಳ ತೆಗೆದು ನೋಡಿದರೆ ಮೂರರಲ್ಲಿ ಪ್ಲೇಟುಗಳ ತುದಿ ಹೊರಗೆ ಕಾಣುತ್ತಿತ್ತು. ಮೊದಲು ಪ್ಲೇಟು ಮುಳುಗುವಷ್ಟು ನೀರು ಹಾಕಿ ಚಾರ್ಜಿಗೆ ಬಿಟ್ಟೆ. ಉಳಿದದ್ದನ್ನು ಚಾರ್ಜಾದ ಮೇಲೆ ಸಂಜೆ ಬಂದು ತುಂಬಿಸಬೇಕಿತ್ತು. ಬ್ಯಾಟರಿಯ ಕೆಳಗೆ ಹಳೆಯ ಹಲಗೆಯೊಂದಿತ್ತು. ಅದನ್ನು ಹಾಗೆಯೇ ಬಿಟ್ಟೆ. ಚಿಕ್ಕಪ್ಪ ಟಾರ್ಚ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಸಂಜೆ ಎಷ್ಟು ಗಂಟೆಗೆ ಬರುತ್ತೀಯ ಎಂದು ಎರಡು ಬಾರಿ ಕೇಳಿದರು.